ಕಾಶಪ್ಪ ಮಾವನ ನಾವ್

ನಾನು ಲೆಕ್ಕದ ಮಾಸ್ತರ. ಆಯುಷ್ಯದ ಅರ್ಧ ಭಾಗ ಮಕ್ಕಳಿಗೆ ಕೂಡಿಸುವುದು, ಕಳೆಯುವುದು ಕಲಿಸಿದವನು. ಯಾರಾದರೂ ನನ್ನೆದುರು ದೆವ್ವ, ಗಾಳಿ, ಮೈಮೇಲೆ ಬಂದದ್ದು ಎಂದು ಶುರುಮಾಡಿದರೆ ಚಪ್ಪಲಿ ಮೆಟ್ಟಿಕೊಂಡು ಎದ್ದುಬಿಡುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ಕೂದಲೆಳೆಯಷ್ಟೂ ಸೇರಿಸುವುದಿಲ್ಲ. ನಡುನಡುವೆ ಸಿಟ್ಟು ಬಂದರೆ ಮಾತ್ರ ಸಹಿಸಿಕೊಳ್ಳಬೇಕು. ಇಷ್ಟು ವರ್ಷವಾದರೂ ಅದು ಇಳಿದಿಲ್ಲ.

ಕಾಶಪ್ಪ ನನ್ನ ಸೋದರಮಾವ, ಅವ್ವನ ಅಣ್ಣ. ಹದಿನಾರನೆಯ ವಯಸ್ಸಿಗೆ ಕುರಿ ಕಾಯುವುದನ್ನು ಬಿಟ್ಟು ಮುಂಬೈಗೆ ಓಡಿಹೋದ. ಅಲ್ಲಿ ಹಾಯಿದೋಣಿಗಳಲ್ಲಿ ಕೆಲಸಕ್ಕೆ ಸೇರಿ ಮೂವತ್ತು ವರ್ಷ ಕೊಂಕಣದ ದಂಡೆಯುದ್ದಕ್ಕೂ ಹೆಂಚು, ತೆಂಗಿನಕಾಯಿ ಸಾಗಿಸಿದ. ಕೊನೆಗೆ ಬಲಗಾಲಿನ ಮಂಡಿ ಒಡೆದುಕೊಂಡು ಊರಿಗೆ ಬಂದ. ಈಗ ಬಸವಕಲ್ಯಾಣ ಎನ್ನುವ ನಮ್ಮೂರು ಆಗ ಬರೀ ಕಲ್ಯಾಣಿ, ನಿಜಾಮರ ಸೀಮೆ. ಸಮುದ್ರ ಕಂಡವರು ಊರಲ್ಲಿ ಬೇರೆ ಯಾರೂ ಇರಲಿಲ್ಲ. ಮಾವನಿಗೆ ಹೆಂಡತಿ ಮಕ್ಕಳಿಲ್ಲ, ನಮ್ಮ ಮನೆಯಲ್ಲೇ ಇದ್ದ. ಮಲಗಿದರೆ ಹೊರಳಾಡುತ್ತಿದ್ದ. ಯಾಕೆ ಎಂದರೆ, "ನೆಲ ಅಳ್ಳಾಡೂದಿಲ್ಲೋ ಮಾಸ್ತರ, ನಿದ್ದಿ ಹ್ಯಾಂಗ ಬರಬೇಕು?" ಅನ್ನುತ್ತಿದ್ದ.

ಹುಮನಾಬಾದ್ ಹತ್ತಿರದ ಒಬ್ಬ ಜಾಗೀರದಾರರ ದನದ ಕೊಟ್ಟಿಗೆಯಲ್ಲಿ ಒಂದು ಹಳೆಯ ಹಾಯಿದೋಣಿ ಬಿದ್ದಿತ್ತು. ಹಿಂದೆ ಯಾರದೋ ಶೋಕಿಗೆ ಮುಂಬೈಯಿಂದ ತರಿಸಿದ್ದಂತೆ. ಹತ್ತು ವರ್ಷದಿಂದ ಅದರ ಮೂತಿಗೆ ಕರು ಕಟ್ಟುತ್ತಿದ್ದರು, ಒಳಗೆ ಕೋಳಿ ಮೊಟ್ಟೆ ಇಡುತ್ತಿದ್ದವು. ಮಾವ ಹೋಗಿ ಕೇಳಿದಾಗ ಅಲ್ಲಿಯ ಕಾರಭಾರಿ, "ಒಯ್ಯಿ ಮಾರಾಯಾ, ಒಲಿಗಿ ಹಚ್ಚಿಕೋ," ಎಂದು ನಾಲ್ಕು ಜನರೆದುರು ಹೇಳಿದ. ಆ ನಾಲ್ಕು ಜನರಲ್ಲಿ ನಾನೂ ಒಬ್ಬ. ಇದನ್ನು ನೀವು ನೆನಪಿಡಬೇಕು.

ಗಾಡಿಯ ಮೇಲೆ ಹೇರಿಕೊಂಡು ಬಂದು ಮಾವ ಏಳು ತಿಂಗಳು ದುಡಿದ. ಕೊಳೆತ ಹಲಗೆ ಕಿತ್ತು ಹೊಸದು ಕೂಡಿಸಿದ. ಗಾಡಿ ಮಾಡುವ ಬಡಿಗನಿಂದ ಜಾಲಿ ಕಟ್ಟಿಗೆಯ ಪಕ್ಕೆಲುಬು ಹಾಕಿಸಿದ. ಸಂದುಗಳಿಗೆ ಎಣ್ಣೆ, ರಾಳದಲ್ಲಿ ಅದ್ದಿದ ಅರಳೆ ತುಂಬಿದ. ಅವ್ವ ದಪ್ಪ ಬಟ್ಟೆಯಲ್ಲಿ ಹಾಯಿ ಹೊಲಿದಳು. ಅದನ್ನು ಜಾಲಿ ತೊಗಟೆಯ ನೀರಲ್ಲಿ ಕುದಿಸಿದ್ದರಿಂದ ಕಂದು ಬಣ್ಣ ಬಂತು. ಊರವರು ಬಂದು ನಿಂತು ನಗುತ್ತಿದ್ದರು. "ಕಾಶಪ್ಪಾ, ಜ್ವಾಳದ ಹೊಲದಾಗ ಹಾಯಿ ಬಿಡತಿ ಏನು?" ಮಾವ ತಲೆ ಎತ್ತದೆ ಉತ್ತರ ಕೊಡುತ್ತಿದ್ದ. ಮಳೆ ಹಿಡಿದ ಮೇಲೆ ಹುಮನಾಬಾದ್ ಆಚೆ ಕಾರಂಜಾ ಹೊಳೆಗೆ ಇಳಿಸುವುದು. ಕಾರಂಜಾ ಮಾಂಜ್ರಾಕ್ಕೆ, ಮಾಂಜ್ರಾ ಗೋದಾವರಿಗೆ, ಗೋದಾವರಿ ಸಮುದ್ರಕ್ಕೆ. ಅಲ್ಲಿಂದ ಮುಂದೆ ಉಸಿರಿರುವ ತನಕ ದೋಣಿಯೇ ಮನೆ. "ನೀರ ಹೋದಲ್ಲಿ ನಾ ಹೋಗತೀನಿ. ಇದರಾಗ ನಗೂದೇನದ?" ಅನ್ನುತ್ತಿದ್ದ. ನಿಜ ಹೇಳಬೇಕೆಂದರೆ ನಾನೂ ಒಳಗೊಳಗೆ ನಗುತ್ತಿದ್ದೆ.

ದೋಣಿ ಚೆಂದವಾದದ್ದೇ ತಪ್ಪಾಯಿತು. ಕಾರಭಾರಿ ಒಂದು ದಿನ ಅದನ್ನು ನೋಡಿದ. ವಾರದೊಳಗೆ ಹೇಳಿಕಳಿಸಿದ: ಧಣಿಯರ ಮನೆಯಲ್ಲಿ ಲಗ್ನ ಇದೆ, ಮೆರವಣಿಗೆಗೆ ದೋಣಿ ತಿರುಗಿ ಬೇಕು. ಮಾವ ಒಲ್ಲೆ ಎಂದ. "ಕೊಟ್ಟಿದ್ದು ಕಟ್ಟಿಗಿ, ನಾವ್ ಅಲ್ಲ," ಎಂದು ಕಾರಭಾರಿಯ ಉತ್ತರ. ದೋಣಿಗೆ ಮಾವ ಮುಂಬೈ ಕಡೆಯ ಮರಾಠಿಯಲ್ಲಿ 'ನಾವ್' ಅನ್ನುತ್ತಿದ್ದ. ದೋಣಿಯೇ ಇಲ್ಲದ ನಮ್ಮೂರು ಆ ಮಾತನ್ನೇ ಹಿಡಿದುಕೊಂಡಿತ್ತು. ಕಾರಭಾರಿಯ ಆ ಉತ್ತರಕ್ಕೆ ಏನೆನ್ನಬೇಕು ಹೇಳಿ! ಎಂಜಲು ಎಂದು ಬಿಸಾಕಿದ್ದನ್ನು ತೊಳೆದು ಮೈತುಂಬ ಅಲಂಕಾರ ಮಾಡಿದರೆ ಅದು ನಮ್ಮದು ಎಂದು ಬರುವ ನಾಚಿಕೆಗೇಡಿಗಳು!

ಹುಮನಾಬಾದ್ ಕಚೇರಿಗೆ ಫಿರ್ಯಾದಿ ಹೋಯಿತು, ಮಾವನಿಗೆ ಕರೆ ಬಂತು. ಹೋಗುವ ಮುಂಚಿನ ದಿನ ಅವನು ದೋಣಿಯನ್ನು ನಮ್ಮ ತ್ರಿಪುರಾಂತ ಕೆರೆಗೆ ಒಯ್ದು, ಒಳಗೆ ಹನ್ನೊಂದು ಕಲ್ಲು ಹೇರಿ, ಆಳು ಮುಳುಗುವಷ್ಟು ನೀರಲ್ಲಿ ಮುಳುಗಿಸಿದ. ಗಾಲಿ ಸಡಿಲಾದರೆ ನೀರಲ್ಲಿ ನೆನೆಹಾಕುತ್ತೇವಲ್ಲ, ಹಾಗೆ ಹಲಗೆ ಉಬ್ಬಿ ಸಂದು ಮುಚ್ಚಲಿ ಎಂದು. ಜೊತೆಗೆ ಯಾರ ಕಣ್ಣಿಗೂ ಬೀಳದಿರಲಿ ಎಂದೂ. ಹಗ್ಗದ ಒಂದು ತುದಿ ದೋಣಿಗೆ, ಇನ್ನೊಂದು ದಂಡೆಯ ಆಲದ ಬೇರಿಗೆ. ಹಾಯಿ ಕಟ್ಟುವ ಕಂಬ ನಮ್ಮ ಹಿತ್ತಲಲ್ಲಿ, ಹಾಯಿ ಅವ್ವನ ಪೆಟ್ಟಿಗೆಯಲ್ಲಿ. ಗೊತ್ತಿದ್ದವರು ನಾವು ಮೂವರೇ.

ಕಚೇರಿಯಲ್ಲಿ ಸಾಕ್ಷಿ ಹೇಳಲೆಂದು ನಾನೂ ಪಕ್ಕದಲ್ಲೇ ನಿಂತಿದ್ದೆ. ಮರಾಠವಾಡದಿಂದ ಹೊಸದಾಗಿ ಬಂದ ಕಾರಕೂನ ಕಾಗದದಿಂದ ತಲೆ ಎತ್ತದೆ ಕೇಳಿದ: "ನಾವ್?"

ಮರಾಠಿಯಲ್ಲಿ 'ನಾವ್' ಎಂದರೆ ಹೆಸರು. 'ನಾವ್' ಎಂದರೆ ದೋಣಿ ಕೂಡ. ರಾತ್ರಿಯೆಲ್ಲ ದೋಣಿಯ ಚಿಂತೆಯಲ್ಲೇ ಕಳೆದಿದ್ದ ಮಾವ ಕೈಮುಗಿದು, "ತ್ರಿಪುರಾಂತ ಕೆರ್ಯಾಗ ಮುಳುಗಿಸೀನ್ರಿ, ಆಲದ ಗಿಡದ ಬುಡಕ," ಅಂದುಬಿಟ್ಟ. ಹಿಂದೆ ನಿಂತಿದ್ದ ಕಾರಭಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. ದೋಣಿ ಕೈಗೆ ಸಿಗುವ ತನಕ ಮಾವ ಕಚೇರಿಯಲ್ಲೇ ಇರಬೇಕೆಂದು ಹುಕುಂ ಆಯಿತು. ನಾನೋ, ಮಾವನಿಗೇ ಬೈದೆ. "ಹೆಸರು ಕೇಳಿದ್ರ ಹೆಸರು ಹೇಳಬೇಕು! ಅಷ್ಟೂ ತಿಳೀದಿಲ್ಲೇನು ನಿನಗ?" ಅವನು ನನ್ನತ್ತ ತಿರುಗಿ ನೋಡಿದ. ಆ ಮುಖ ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮರುದಿನ ಮುಂಜಾನೆಯ ಮೋಟಾರು ಹಿಡಿದು ಕಲ್ಯಾಣಿಗೆ ಬಂದೆ. ಕಾರಭಾರಿಯ ಆಳುಗಳು ಗಾಡಿಯಲ್ಲಿ ಬರುವವರು, ಅವರಿಗಿಂತ ಮೊದಲೇ ಕಲ್ಲು ತೆಗೆದು ದೋಣಿಯನ್ನು ಬೇರೆಡೆ ಎಳೆಯಬೇಕೆಂದು ನನ್ನ ವಿಚಾರ. ಕೆರೆ ಮುಟ್ಟಿದಾಗ ನಡುಮಧ್ಯಾಹ್ನ. ಎಲೆ ಅಲುಗುತ್ತಿರಲಿಲ್ಲ. ಅಂಗಿ ಬಿಚ್ಚಿ ಬೇರಿನ ಮೇಲಿಟ್ಟೆ, ನೀರಿಗೆ ಕಾಲಿಟ್ಟೆ, ತಲೆ ಎತ್ತಿದೆ.

ಕೆರೆಯ ನಡುವೆ ದೋಣಿ ಹೋಗುತ್ತಿತ್ತು. ಕಂಬ ನಿಂತಿತ್ತು, ಕಂದು ಹಾಯಿ ಗಾಳಿ ತುಂಬಿಕೊಂಡು ಉಬ್ಬಿತ್ತು. ಹಿಂದೆ ಚುಕ್ಕಾಣಿಯ ಹತ್ತಿರ ಮಾವ ನನಗೆ ಬೆನ್ನು ಮಾಡಿ, ನೋವಿನ ಬಲಗಾಲು ಚಾಚಿ ಕೂತಿದ್ದ. ಹಾಯಿಯ ಮೇಲ್ತುದಿಯಲ್ಲಿ ಅಂಗೈಯಗಲದ ಒಂದು ಕೆಂಪು ತೇಪೆ. "ಮಾವಾ!" ಎಂದು ಕೂಗಿದೆ. ಅವನು ತಿರುಗಲಿಲ್ಲ. ದೋಣಿ ಸಣ್ಣದಾಗುತ್ತ ಹೋಯಿತು, ಇನ್ನೂ ಸಣ್ಣದಾಯಿತು, ಕೊನೆಗೆ ಸಾಸಿವೆಯಷ್ಟಾಗಿ ಕಾಣದಾಯಿತು. ನನ್ನ ಲೆಕ್ಕ ತಪ್ಪಿದ್ದು ಅಲ್ಲಿ. ಯಾಕೆಂದರೆ ನಮ್ಮ ಕೆರೆ ಅಷ್ಟು ದೊಡ್ಡದಲ್ಲ. ಆಚೆ ದಂಡೆಯಲ್ಲಿ ನಿಂತ ಎಮ್ಮೆಯ ಕೊಂಬು ಈಚೆಯಿಂದ ಕಾಣುತ್ತದೆ.

ಎಷ್ಟೋ ಹೊತ್ತಿನ ಮೇಲೆ ನೀರಲ್ಲಿ ಮುಳುಗಿ ನೋಡಿದೆ. ತಳದಲ್ಲಿ ಹನ್ನೊಂದು ಕಲ್ಲು, ಮಾವ ಇಟ್ಟ ಹಾಗೆಯೇ ಎರಡು ಸಾಲು. ದೋಣಿ ಇಲ್ಲ. ಹಗ್ಗ ಬೇರಿಗೇ ಕಟ್ಟಿತ್ತು. ನೀರಲ್ಲಿದ್ದ ತುದಿಯಲ್ಲಿ ಮಾವ ಹಾಕಿದ ಗಂಟು ಬಿಚ್ಚದೆ, ಹರಿಯದೆ ಹಾಗೇ ಇತ್ತು. ಮನೆಗೆ ಓಡಿದೆ. ಕಂಬ ಹಿತ್ತಲಲ್ಲೇ ಇತ್ತು. ಪೆಟ್ಟಿಗೆ ತೆಗೆದೆ. ಹಾಯಿ ಮಡಿಸಿಟ್ಟಲ್ಲೇ ಇತ್ತು, ಒಣಗಿದ್ದು, ಹೊಚ್ಚ ಹೊಸದು. ಕೆಂಪು ತೇಪೆ ಎಲ್ಲೂ ಇರಲಿಲ್ಲ.

ಕಾರಭಾರಿಯ ಜನ ಸಂಜೆಯ ತನಕ ಕೆಸರು ಬಗೆದರು. ಸಿಗದಿದ್ದಾಗ ಕಾರಭಾರಿ, ನೀನೇ ಕದ್ದು ಇಟ್ಟಿ ಎಂದು ನನ್ನ ವಿದ್ಯಾರ್ಥಿಗಳೆದುರು ನನ್ನ ಕೆನ್ನೆಗೆ ಹೊಡೆದ. ಏಟಿಗಿಂತ ಹೆಚ್ಚು ಉರಿಸಿದ್ದು ಊರವರ ಬುದ್ಧಿ. ನಾನು ಕಂಡದ್ದನ್ನು ಹೇಳಿದ್ದೇ ತಡ, ಏಳು ತಿಂಗಳು ನಕ್ಕವರೇ ಮರುದಿನ ದಂಡೆಯ ಮೇಲೆ ಕುಂಕುಮ ಹಚ್ಚಿ ಕಾಯಿ ಒಡೆದರು! ಓದಿದವರು ಇನ್ನೊಂದು ಬಗೆ. "ಬಿಸಿಲು ತಲಿಗಿ ಹತ್ತೇದ ನಿಮಗ," ಅಂದರು. ಹಾಗಾದರೆ ದೋಣಿಗೂ ಬಿಸಿಲು ಹತ್ತಿತೇ? ಉತ್ತರ ಕೊಡಿ ಎಂದರೆ ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋಗುತ್ತಾರೆ.

ದೋಣಿಯೇ ಇಲ್ಲದ ಮೇಲೆ ಕೂರಿಸಿಕೊಂಡು ಫಲವಿಲ್ಲವೆಂದು ಕೊನೆಗೆ ಮಾವನನ್ನು ಬಿಟ್ಟರು. ನಾನು ಕಂಡ ಹೊತ್ತಿನಲ್ಲಿ ಅವನು ಕಚೇರಿಯ ಕಟ್ಟೆಯ ಮೇಲೆ ಸಿಪಾಯಿಯ ಎದುರಿಗೇ ಕೂತಿದ್ದ. ಅದನ್ನೂ ವಿಚಾರಿಸಿಕೊಂಡೆ. ನಾನು ಹೇಳಿದ್ದನ್ನೆಲ್ಲ ಕೇಳಿ ಅವನು ಅಳಲಿಲ್ಲ, ಸಿಟ್ಟಾಗಲಿಲ್ಲ.

"ಹಾಯಿ ತುಂಬಿತ್ತೇನೋ?"

"ತುಂಬಿತ್ತು."

"ಗಾಳಿ?"

"ಇರಲೇ ಇಲ್ಲ."

ತುಟಿಯಂಚಿನಲ್ಲೇ ನಕ್ಕ. ಕೆಂಪು ತೇಪೆಯ ಮಾತು ಅವನಿಗೂ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ. ಅದೊಂದು ಸುಳ್ಳಾದ್ದರಿಂದ ಉಳಿದದ್ದೂ ನನ್ನ ಭ್ರಮೆಯೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ.

ಎರಡು ವರ್ಷ ಕಳೆಯಿತು. ಒಂದು ದಿನ ಶಾಲೆಯಿಂದ ಬಂದಾಗ ಅವ್ವ ಹಾಯಿಯನ್ನು ಅಂಗಳದಲ್ಲಿ ಹರಡಿಕೊಂಡು ಕೂತಿದ್ದಳು. ಇಲಿ ಕಡಿದಿತ್ತಂತೆ. ಮೇಲ್ತುದಿಯಲ್ಲಿ, ತನ್ನ ಹಳೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿ, ಅಂಗೈಯಗಲದ ಕೆಂಪು ತೇಪೆ ಹಾಕಿದ್ದಳು. ನಾನು ಬಗ್ಗಿ ಆ ತೇಪೆಯ ಮೇಲೆ ಅಂಗೈಯಿಟ್ಟು ನೋಡಿದೆ.

ಅದೇ ಮಳೆಗಾಲದಲ್ಲಿ ಮಾವ ಹಾಯಿಯನ್ನು ಕಂಬಳಿಯ ಹಾಗೆ ಹೆಗಲಿಗೆ ಹಾಕಿಕೊಂಡು, "ಕಾರಂಜಾ ತುಂಬೇದಂತ, ನೋಡಿ ಬರತೀನಿ ತಂಗೆವ್ವಾ," ಎಂದು ಹೋದ. ಹುಮನಾಬಾದ್ ಪಕ್ಕದ ಮಾಣಿಕನಗರದ ತನಕ ಒಬ್ಬ ಗಾಡಿಯವನು ಕೂರಿಸಿಕೊಂಡು ಹೋಗಿದ್ದ. ಮುಂದಿನದು ಯಾರಿಗೂ ಗೊತ್ತಿಲ್ಲ. ಹೊಳೆಯ ದಂಡೆಯ ಹಳ್ಳಿಗಳನ್ನೆಲ್ಲ ಅಲೆದೆ. ಹೆಣ ಸಿಗಲಿಲ್ಲ, ಚಪ್ಪಲಿ ಸಿಗಲಿಲ್ಲ, ಹಾಯಿಯ ಚೂರೂ ಸಿಗಲಿಲ್ಲ.

ನಲವತ್ತೆಂಟರಲ್ಲಿ ನಿಜಾಮರ ಆಳ್ವಿಕೆ ಬಿದ್ದಾಗ ನಡೆದ ಕೊಲೆ ಸುಲಿಗೆಯ ಗದ್ದಲ ಮುಗಿದ ಮೇಲೆ ಸತ್ತವರ, ಕಾಣೆಯಾದವರ ಪಟ್ಟಿ ಬರೆಯಲು ಮನೆಮನೆಗೆ ಕಾರಕೂನರು ಬಂದರು. ನಮ್ಮ ಬಳಗದವರಿಗೆ ಅದೇ ಅವಕಾಶವಾಯಿತು. "ಕಾಶಪ್ಪನ್ನೂ ಬರೆಸಿಬಿಡ್ರಿ, ಒಂದು ತಿಥಿನರೇ ಮಾಡಬಹುದು," ಎಂದು ದುಂಬಾಲು ಬಿದ್ದರು. ಗದ್ದಲಕ್ಕಿಂತ ಎಷ್ಟೋ ವರ್ಷ ಮೊದಲು, ತನ್ನ ಕಾಲ ಮೇಲೆ ತಾನು ನಡೆದುಹೋದವನನ್ನು ಸತ್ತವರ ಸಾಲಿಗೆ ತಳ್ಳಲು ಇವರಿಗೆಷ್ಟು ಅವಸರ! ಅವರೊಂದಿಗೆ ಜಗಳಾಡುತ್ತಿರುವಾಗಲೇ ಕಾರಕೂನ ನಮ್ಮ ಕಟ್ಟೆ ಹತ್ತಿದ. ಇವನೂ ಮರಾಠಿಯವನೇ. ಅವ್ವನೆದುರು ಕಾಗದ ಬಿಡಿಸಿ ಕೇಳಿದ: "ನಾವ್?"

ಅವ್ವ ಸೆರಗು ಸರಿಮಾಡಿಕೊಂಡು, "ಹೌದ್ರಿ," ಅಂದಳು. "ನಾವ್ನಾಗೇ ಹೋಗ್ಯಾನ."

ಕಾರಕೂನ ಲೇಖನಿ ಹಿಡಿದುಕೊಂಡು ನನ್ನ ಮುಖ ನೋಡಿದ. ಮಕ್ಕಳ ತಪ್ಪು ತಿದ್ದುವುದೇ ನನ್ನ ಕೆಲಸ. ಕಾಶಪ್ಪ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ನಾನು ಅನ್ನಲಿಲ್ಲ.