ಔರಾದಿನಲ್ಲಿ ಅರ್ಧಕ್ಕೆ ನಿಂತ ಚಿತ್ರ

ಬೀದರಿನಿಂದ ಬೆಳಗಿನ ರೈಲಿಗೆ ಭಾಲ್ಕಿಗೆ ಹೊರಟಾಗ ನನ್ನ ಚೀಲದಲ್ಲಿ ಒಂದು ಅರ್ಜಿಯಿತ್ತು. ನಮ್ಮ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ನಡೆದು ನಾಲ್ಕು ವರ್ಷ ಕಳೆದಿದ್ದವು. ಆ ದಿನಗಳಲ್ಲಿ ಔರಾದಿನ ಮನೆಯಿಂದ ಬಂದೂಕುಧಾರಿಗಳು ಲಾರಿ ಹತ್ತಿಸಿಕೊಂಡು ಹೋದ ನನ್ನ ಸಹಪಾಠಿ ರಶೀದನ ಹೆಸರು ಸತ್ತವರ ಪಟ್ಟಿಯಲ್ಲಿರಲಿಲ್ಲ, ಸೆರೆಯಲ್ಲಿರುವವರ ಪಟ್ಟಿಯಲ್ಲೂ ಇರಲಿಲ್ಲ. ಅವನ ತಾಯಿ ಹೆಬ್ಬೆಟ್ಟು ಒತ್ತಿದರೆ ವಿಚಾರಣೆ ನಡೆಸುವುದಾಗಿ ಕಚೇರಿ ಹೇಳಿತ್ತು. ನಾಲ್ಕು ವರ್ಷ ಬಾಯಿ ತೆರೆಯದವರಿಗೆ ಈಗ ಆ ಮುದುಕಿಯ ಹೆಬ್ಬೆಟ್ಟು ಬೇಕಾಗಿತ್ತು!

ಹಲಬರ್ಗಾ ದಾಟುವಷ್ಟರಲ್ಲಿ ಬಿಸಿಲು ಏರಿತು. ಭಾಲ್ಕಿಯ ಖಾನಾವಳಿಯಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡೆ. ಔರಾದಿಗೆ ಬಸ್ಸಿದ್ದುದು ಮರುದಿನ ಬೆಳಿಗ್ಗೆ. ಸಂಜೆ ಡೇರೆ ಟಾಕೀಜಿಗೆ ಹೋದೆ. ಅಲ್ಲಿ ನಡೆಯುತ್ತಿದ್ದದ್ದು ನಾನೂ ರಶೀದನೂ ಬೀದರಿನಲ್ಲಿ ಮೂರು ಸಲ ನೋಡಿದ್ದ ಹಿಂದಿ ಚಿತ್ರ. ಎರಡನೆಯ ಹಾಡು ಬಂದಾಗ ಇಡೀ ಡೇರೆ ಜೊತೆಗೂಡಿ ಹಾಡಿತು. ನಾಯಕಿಯ ಸಾಲುಗಳನ್ನು ಸಣ್ಣ ದನಿಯಲ್ಲಿ ಹಾಡುತ್ತಿದ್ದವನು ಪಕ್ಕದಲ್ಲಿರಲಿಲ್ಲ.

ಬೆಳಿಗ್ಗೆ ಮಾಂಜ್ರಾ ನದಿಯಲ್ಲಿ ನೀರು ಇಳಿದಿತ್ತು. ಬಸ್ಸಿನಿಂದಿಳಿದು ನಡೆದೇ ದಾಟಿದೆವು.

ಔರಾದಿನಲ್ಲಿ ರಶೀದನ ಓಣಿಯ ಹೆಂಗಸರು ಟಾಕೀಜಿಗೆ ಹೋಗುವಂತಿರಲಿಲ್ಲ. ಅವರ ಪರವಾಗಿ ರಶೀದನೇ ಬೀದರಿನಲ್ಲಿ ಚಿತ್ರ ನೋಡಿ ಬಂದು, ಮನೆಯ ಕಟ್ಟೆಯ ಮೇಲೆ ಕುಳಿತು ಹಾಡುಗಳ ಸಮೇತ ಕಥೆ ಹೇಳುತ್ತಿದ್ದ. ಒಂದು ಮಧ್ಯಾಹ್ನ ಅರ್ಧ, ಮರುದಿನ ಉಳಿದರ್ಧ.

ಅದೇ ಕಟ್ಟೆಯ ಮೇಲೆ ಅವನ ತಾಯಿ ಬೀಬಿ, ನಾನು ಚಿಕ್ಕಮ್ಮನಂತೆ ಖಾಲಾ ಎನ್ನುತ್ತಿದ್ದವಳು, ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ನೆರೆಮನೆಯ ಗಂಗವ್ವ ನನ್ನನ್ನು ಕಂಡು ನಕ್ಕಳು. "ನೋಡ ಬೀಬಿ, ಸಾಹೇಬ ಆಗ್ಯಾನ! ನಿನ್ನ ಮನ್ಯಾಗ ರೊಟ್ಟಿ ಕದ್ದು ತಿಂತಿದ್ದವ."

ನಿನ್ನೆ ನೋಡಿದ ಚಿತ್ರದ ಸುದ್ದಿ ನನ್ನ ಬಾಯಿಂದ ಜಾರಿತು. ಗಂಗವ್ವ ಎದ್ದು ಹತ್ತಿರ ಬಂದಳು. "ಹಂಗಾದ್ರ ರಶೀದ ಬಿಟ್ಟಲ್ಲಿಂದ ಮುಂದಿಂದು ಹೇಳೋ! ಆ ಹುಡುಗಿ ಸ್ಟೇಷನ್ನಿನಾಗ ನಿಂತಾಳ. ನಾಕ ವರ್ಷ ಆತು, ನಿಂತೇ ಅದಾಳ."

"ಹೇಳಬ್ಯಾಡ ಬೇಟಾ," ಎಂದಳು ಬೀಬಿ. "ಉಳಿದಿದ್ದು ನಾಳಿ ಹೇಳ್ತೇನಿ ಅಂದಾನ ಅವ. ಅವನೇ ಹೇಳಬೇಕು."

ನಾನು ಅರ್ಜಿ ತೆಗೆದು ಓದತೊಡಗಿದೆ. 'ಮೃತನಾದ ನನ್ನ ಮಗ' ಎಂಬಲ್ಲಿಗೆ ಬಂದಾಗ ಬೀಬಿಯ ಸೂಜಿ ನಿಂತಿತು.

"ಯಾರ ಕೇಳಿ ಬರ್ದಿ? ನೀ ಕಣ್ಣಲೆ ನೋಡಿದಿಯೇನು?"

ವಿಶ್ವವಿದ್ಯಾಲಯದ ಪದವಿ ಪಡೆದ ನನ್ನ ಕೈಯೇ ಅದನ್ನು ಬರೆದಿತ್ತು. ಅಧಿಕಾರಿಗಳಿಂದ ಉತ್ತರ ಕೇಳಲು ಹೊರಟ ನಾನು, ಅವರು ಕೇಳುವ ಮೊದಲೇ ಅವರಿಗೆ ಅನುಕೂಲವಾದ ಉತ್ತರವನ್ನು ಬರೆದುಕೊಟ್ಟಿದ್ದೆ.

"ಮತ್ತ ಹ್ಯಾಂಗ ಬರೀಲಿರಿ, ಖಾಲಾ?"

"ಲಾರಿ ಯಾರದು? ನನ್ನ ಮಗನ್ನ ಎಲ್ಲಿ ಇಳಿಸಿದ್ರು? ಇಷ್ಟ ಕೇಳು. ಮತ್ತೇನೂ ಬ್ಯಾಡ."

ಹಳೆಯ ಹಾಳೆ ಹರಿದೆ. ಹೊಸದರಲ್ಲಿ ಆ ಎರಡೇ ಪ್ರಶ್ನೆಗಳನ್ನು ಬರೆದು ಓದಿ ಹೇಳಿದೆ. ಇನ್ನೊಮ್ಮೆ ಓದಿಸಿಕೊಂಡ ಮೇಲೆ ಬೀಬಿ ನನ್ನ ಪೆನ್ನಿನ ಮಸಿಯನ್ನು ಹೆಬ್ಬೆಟ್ಟಿಗೆ ಹಚ್ಚಿಕೊಂಡು ಗಟ್ಟಿಯಾಗಿ ಒತ್ತಿದಳು.

ಮಧ್ಯಾಹ್ನ ಭಾಲ್ಕಿಗೆ ಮರಳುವ ಬಸ್ಸು ಹತ್ತಿದಾಗ ಕಿಟಕಿಯ ಕೆಳಗೆ ಗಂಗವ್ವ ನಿಂತಿದ್ದಳು.

"ಈಗ ಬೀಬಿ ಇಲ್ಲಿಲ್ಲ. ನನಗಷ್ಟ ಹೇಳು. ಆ ಹುಡುಗಿ ಮನಿ ಮುಟ್ಟಿದ್ಳೇನು?"

ನನಗೆ ಗೊತ್ತಿತ್ತು. ಹಿಂದಿನ ಸಂಜೆಯಷ್ಟೇ ನೋಡಿದ್ದೆ.

"ರಶೀದ್ ಹೇಳ್ತಾನವ್ವಾ," ಎಂದೆ.

ಗಂಗವ್ವ ನನ್ನ ಮುಖವನ್ನೇ ನೋಡಿದಳು. ಬಸ್ಸು ಹೊರಟಿತು.

"ಹೌದೇಳು," ಎಂದು ಕೂಗಿದಳು, "ಅವನಷ್ಟು ಚೆಂದ ನಿನಗ ಹೇಳಲಾಕ ಬರಲ್ಲ!"