ಆವಕದಲ್ಲಿ ಇಲ್ಲದ ಕಡತ

ಮಲ್ಕಾಜ್‌ಗಿರಿಯ ಕನ್ನಡ ಸಂಘದ ಓದುವ ಕೋಣೆಯಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು. ಅವುಗಳನ್ನು ನೋಡಿಕೊಳ್ಳುವ ಕೆಲಸ ಗುರುಬಾಯಿಯದು. ಆಕೆಗೆ ಅರವತ್ತನಾಲ್ಕು ವರ್ಷ. ಕಂಪ್ಯೂಟರ್ ಮುಟ್ಟಿದ್ದು ಅರವತ್ತೊಂದಕ್ಕೆ. ಅದಕ್ಕೆ ಮೊದಲು ಮೂವತ್ತೊಂದು ವರ್ಷ ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯ ನಕ್ಷೆ ವಿಭಾಗದಲ್ಲಿದ್ದಳು. ಮೊದಲು ನಕ್ಷೆಗಳ ಪ್ರತಿ ತೆಗೆಯುವ ಟ್ರೇಸರ್, ಆಮೇಲೆ ನಕ್ಷೆಗಳ ದಾಖಲೆ ಇಡುವವಳು. ಅಲ್ಲಿ ಏನು ತಯಾರಾಗುತ್ತಿತ್ತು ಎಂದು ಯಾರಾದರೂ ಕೇಳಿದರೆ "ಸಾಮಾನು" ಎನ್ನುತ್ತಿದ್ದಳು. ನಿವೃತ್ತಿಯಾದ ಮೇಲೂ ಹಾಗೇ ಎನ್ನುತ್ತಾಳೆ. ಗಂಡ ಶಿವಶರಣಪ್ಪನಿಗೂ ಅದಕ್ಕಿಂತ ಹೆಚ್ಚು ಗೊತ್ತಿಲ್ಲ. ಆತನೂ ಅಂಥದೇ ಇನ್ನೊಂದು ಕಾರ್ಖಾನೆಯಲ್ಲಿದ್ದವನು. ಆತನ ಸಾಮಾನು ಏನೆಂದು ಆಕೆಗೂ ಗೊತ್ತಿಲ್ಲ. ಮೂವತ್ತೆಂಟು ವರ್ಷದ ಸಂಸಾರ ಸುಸೂತ್ರವಾಗಿ ನಡೆದಿದೆ.

ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು. ಸಾಮಾನಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬೇಕಾದರೂ ಅರ ಹಿಡಿದು ಸಾಮಾನನ್ನು ಉಜ್ಜುವ ಹಾಗಿಲ್ಲ. ನಕ್ಷೆಯನ್ನು ತಿದ್ದಬೇಕು. ತಿದ್ದಿದ ನಕ್ಷೆಯ ಪ್ರಕಾರ ಹೊಸ ಸಾಮಾನು ಮಾಡಬೇಕು. ಗುರುಬಾಯಿ ಈ ನಿಯಮವನ್ನು ಗೌರವಿಸುತ್ತಿದ್ದಳು. ತವರಿನ ಕಡೆಯ ದೇವರುಗಳನ್ನು ಅಷ್ಟು ಗೌರವಿಸುತ್ತಿದ್ದಳೆಂದು ಹೇಳಲಾಗದು.

ಸಂಘದ ಕಂಪ್ಯೂಟರುಗಳು ಮೊದಲು ಎಲ್ಲರ ಮನೆಯ ಕಂಪ್ಯೂಟರುಗಳಂತೆಯೇ ಇದ್ದವು. ತಿಂಗಳಿಗೊಮ್ಮೆ ಒಂದು ಮಲಗುತ್ತಿತ್ತು. ಉಪ್ಪಲ್‌ನ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದ ವರ್ಷಾ ಎಂಬ ಹುಡುಗಿ ಬಂದು ನಾಲ್ಕನ್ನೂ ಅಳಿಸಿ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯಲ್ಲಿ ನಿಕ್ಸ್ ಎಂಬ ಬಗೆಯದನ್ನು ಹಾಕಿದಳು. ಹಾಕಿ, ಅದು ಏನೆಂದು ಯಾರಿಗಾದರೂ ಹೇಳಿಕೊಡಬೇಕಲ್ಲ ಎಂದು ಸುತ್ತ ನೋಡಿದಳು. ಪೇಪರ್ ಓದುತ್ತ ಕೂತಿದ್ದವಳು ಗುರುಬಾಯಿ ಒಬ್ಬಳೇ.

"ಆಂಟಿ, ಇದರಲ್ಲಿ ಒಂದೊಂದೇ ಪ್ರೋಗ್ರಾಮ್ ತಂದು ತುಂಬೋದಿಲ್ಲ. ಕಂಪ್ಯೂಟರ್ ಹೇಗಿರಬೇಕು ಅಂತ ಕಡತದಲ್ಲಿ ಬರೀತೀವಿ. ಯಾವ ಅಕ್ಷರ, ಯಾವ ಪ್ರಿಂಟರ್, ಯಾವ ಪ್ರೋಗ್ರಾಮು, ಎಲ್ಲಾ. 'ಕಟ್ಟು' ಅಂತ ಆಜ್ಞೆ ಕೊಟ್ಟರೆ ಅದನ್ನ ಓದಿ ತನ್ನನ್ನ ತಾನೇ ಹಾಗೆ ಕಟ್ಟಿಕೊಳ್ಳುತ್ತೆ. ಬದಲಾವಣೆ ಬೇಕಾದರೆ ಕಡತವನ್ನೇ ಬದಲಾಯಿಸಬೇಕು."

"ಅಂದ್ರ ನಕ್ಷಾ," ಎಂದಳು ಗುರುಬಾಯಿ. "ಇಷ್ಟ್ ಉದ್ದ ಯಾಕ ಹೇಳಿದಿ?"

ಆವತ್ತಿನಿಂದ ಮೂರು ವರ್ಷ ನಾಲ್ಕು ಯಂತ್ರಗಳೂ ಆಕೆಯ ಕೈಯಲ್ಲಿದ್ದವು. ವರ್ಷಾ ಒಂದು ನೋಟುಬುಕ್ಕಿನಲ್ಲಿ ವಿಧಾನವನ್ನು ಬರೆದುಕೊಟ್ಟಿದ್ದಳು. ಕಡತ ತಿದ್ದುವುದು, ಕಟ್ಟುವುದು, ನೋಡುವುದು. ಸರಿಯಾಗಿದ್ದರೆ ಗಿಟ್‌ಗೆ ಆಡ್, ಕಮಿಟ್. ಗಿಟ್ ಎಂದರೆ ಈ ಕಡತಗಳಿಗಾಗಿ ಯಂತ್ರದೊಳಗೇ ಇರುವ ದಾಖಲೆಯ ಪುಸ್ತಕ. ಯಾವಾಗ ಯಾರು ಏನು ತಿದ್ದಿದರು ಎಂಬುದು ಅದರಲ್ಲಿ ಉಳಿಯುತ್ತದೆ. ಆಡ್, ಕಮಿಟ್ ಎರಡನ್ನೂ ವರ್ಷಾ ಒಂದೇ ಸಾಲಿನಲ್ಲಿ ಬರೆದಿದ್ದರಿಂದ ಗುರುಬಾಯಿ ಅವನ್ನು ಒಂದೇ ಕೆಲಸವೆಂದು ತಿಳಿದಿದ್ದಳು, ಎಲೆ ಅಡಿಕೆ ಎಂದ ಹಾಗೆ.

ಸಂಘದ ಕಾರ್ಯದರ್ಶಿ ಚಂದ್ರಕಾಂತನಿಗೆ ಈ ವ್ಯವಸ್ಥೆ ಹಿಡಿಸಿರಲಿಲ್ಲ. ಆತ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು, ಮೂಲ ವಿಜಯಪುರದ ಕಡೆ. ಒಮ್ಮೆ ಪರದೆಯ ಅಕ್ಷರ ದೊಡ್ಡದು ಮಾಡಲು ಹೋಗಿ, ತನಗೆ ಅನಗತ್ಯವೆಂದು ಕಂಡ ಹನ್ನೊಂದು ಸಾಲುಗಳನ್ನು ಕಡತದಿಂದ ಅಳಿಸಿ ಕಟ್ಟಿದ. ಪರದೆ ಕಪ್ಪಾಯಿತು.

"ಅಕ್ಕಾರ, ಈ ಪೆಟ್ಟಿಗ್ಯಾಗ ಏನೋ ಹೊಕ್ಕೈತ್ರಿ."

"ನೀವ ಹೊಕ್ಕಿದ್ರಿ," ಎಂದು ಗುರುಬಾಯಿ ಯಂತ್ರವನ್ನು ಆರಿಸಿ ಹಚ್ಚಿದಳು. ಪ್ರತಿ ಸಲ ಕಟ್ಟಿದಾಗಲೂ ಹಿಂದಿನದು ಹಾಗೇ ಉಳಿದಿರುತ್ತದೆ. ಅದಕ್ಕೆ ತಲೆಮಾರು ಎನ್ನುತ್ತಾರೆ. ಹಚ್ಚುವಾಗ ಬರುವ ಪಟ್ಟಿಯಿಂದ ನಿನ್ನೆಯ ತಲೆಮಾರನ್ನು ಆಯ್ದುಕೊಂಡಳು. ಎರಡು ನಿಮಿಷದಲ್ಲಿ ಎಲ್ಲ ಮೊದಲಿನಂತಾಯಿತು. ಚಂದ್ರಕಾಂತನಿಗೆ ಇದರಿಂದ ಸಮಾಧಾನವಾಗಲಿಲ್ಲ, ಅವಮಾನವಾಯಿತು.

ಮುಂದಿನದಕ್ಕೆ ಕಾರಣ ಪಿಂಕಿ. ಆಕೆಯ ತಂದೆ ಮಹೇಶಕುಮಾರನಿಗೆ ಬೇಗಂ ಬಜಾರಿನಲ್ಲಿ ಸ್ಟೀಲ್ ಪಾತ್ರೆಗಳ ಸಗಟು ಅಂಗಡಿ. ಇಪ್ಪತ್ತೊಂಬತ್ತು ವರ್ಷದ ಪಿಂಕಿ ಬೀದರ್‌ನ ಕಚೇರಿಯೊಂದರಲ್ಲಿ ಬೆರಳಚ್ಚುಗಾರರ ಹುದ್ದೆಗೆ ಅರ್ಜಿ ಹಾಕಿದ್ದಳು. ಪರೀಕ್ಷೆಯಲ್ಲಿ ಅವರು ಹೇಳಿದ ಕೀಲಿಮಣೆಯಲ್ಲೇ, ಅಂದರೆ ಯಾವ ಕೀಲಿಗೆ ಯಾವ ಅಕ್ಷರ ಎಂಬ ಅವರ ಜೋಡಣೆಯಲ್ಲೇ, ಕನ್ನಡ ಹೊಡೆಯಬೇಕು. ಸಂಘದ ಯಂತ್ರಗಳಲ್ಲಿ ಇದ್ದದ್ದು ಬೇರೆ. ಚಂದ್ರಕಾಂತನಿಗೆ ಅವಕಾಶ ಸಿಕ್ಕಿತು. ಮಂಗಳವಾರ ಸಂಜೆ ಬಂದು, ನಿಂತುಕೊಂಡೇ ಹೇಳಿದ:

"ಅಕ್ಕಾರ, ರವಿವಾರ ಹತ್ತಕ್ಕ ಕಮಿಟಿ ಕೂಡ್ತೈತಿ. ಅಷ್ಟರಾಗ ನಾಲ್ಕೂ ಮಶೀನ್‌ದಾಗ ಆ ಕೀಲಿಮಣಿ ಆತು ಅಂದ್ರ ಆತು. ಇಲ್ಲಂದ್ರ ಉಪ್ಪಲ್‌ದಾಗ ಕಂಪ್ಯೂಟರ್ ರಿಪೇರಿ ಮಾಡಾಂವ ಒಬ್ಬಾಂವ ಅದಾನ, ಪೆನ್ ಡ್ರೈವ್ ತರ್ತಾನ. ಎಲ್ಲಾ ಒರಸಿ, ಎಲ್ಲಾರ ಮನ್ಯಾಗ ಇರೋ ಅಂಥಾದ್ದ ಹಾಕಿಸಿಬಿಡೋಣು. ನಿಮಗೂ ವಯಸ್ಸಾತು, ಆರಾಮ ಪೇಪರ್ ಓದ್ರಿ."

"ನಿಮಗ ಎಷ್ಟ್ರಿ?"

"ಅರವತ್ತಾರು. ಯಾಕ್ರಿ?"

"ಏನಿಲ್ರಿ, ರವಿವಾರ ಬರ್ರಿ."

ಆತ ಹೋದ ಮೇಲೆ ಗುರುಬಾಯಿ ನಾಲ್ಕು ಯಂತ್ರಗಳ ಮುಂದೆ ಸ್ವಲ್ಪ ಹೊತ್ತು ಕೂತಳು. ನಿವೃತ್ತಿಯ ದಿನ ಕಾರ್ಖಾನೆಯವರು ಶಾಲು ಹೊದಿಸಿ ಬೀಗದ ಕೈಗಳನ್ನು ತೆಗೆದುಕೊಂಡಿದ್ದರು. ಆಕೆ ಶಾಲನ್ನು ಮರೆತಿದ್ದಳು, ಬೀಗದ ಕೈಗಳನ್ನು ಮರೆತಿರಲಿಲ್ಲ. ಇನ್ನೊಂದು ಸಲ ಕೊಡುವ ಇಚ್ಛೆ ಆಕೆಗಿರಲಿಲ್ಲ.

ಬುಧವಾರ ಕೆಲಸ ಶುರುವಾಯಿತು. ಬೇಕಾಗಿದ್ದುದು ಒಂದು ಪ್ರೋಗ್ರಾಮಿನ ಹೆಸರು, ಅದನ್ನು ಹೊಂದಿಸುವ ನಾಲ್ಕು ಸಾಲು. ಹಳೆಯ ಕಡತದ ಕೊನೆಗೆ ಅವನ್ನು ಬರೆದಿದ್ದರೆ ಕಾಲು ಗಂಟೆಯ ಕೆಲಸ. ಆದರೆ ಹೊಸ ಬಿಡಿಭಾಗಕ್ಕೆ ಹೊಸ ಹಾಳೆ ಎಂಬುದು ನಕ್ಷೆ ವಿಭಾಗದ ಪದ್ಧತಿ. ಗುರುಬಾಯಿ ಕೀಲಿಮಣೆಗೆಂದೇ ಹೊಸ ಕಡತ ಮಾಡಿ, ಅದನ್ನೂ ಸೇರಿಸಿಕೊಳ್ಳಬೇಕೆಂದು ಹಳೆಯ ಕಡತದಲ್ಲಿ ಒಂದು ಸಾಲು ಬರೆದಳು. ಕಟ್ಟು ಎಂದಳು. ಒಂದು ಅರ್ಧವಿರಾಮ ಬಿಟ್ಟುಹೋಗಿದೆ ಎಂದು ಯಂತ್ರ ಹೇಳಿತು. ಹೌದು, ಬಿಟ್ಟಿತ್ತು. ಹಾಕಿದಳು. ಕಟ್ಟು ಎಂದಳು.

ಅಂಥ ಕಡತವೇ ಇಲ್ಲ ಎಂದಿತು ಯಂತ್ರ.

ಗುರುಬಾಯಿ ಕಡತಗಳ ಪಟ್ಟಿ ತೆಗೆದು ನೋಡಿದಳು. ಇತ್ತು. ಹೆಸರನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಿದಳು. ಸರಿಯಾಗಿತ್ತು. ಮತ್ತೆ ಕಟ್ಟು ಎಂದಳು. ಇಲ್ಲ ಎಂದಿತು.

ಗುರುವಾರ ಕಡತವನ್ನು ಅಳಿಸಿ ಮೊದಲಿನಿಂದ ಬರೆದಳು. ಇಲ್ಲ. ಹೆಸರು ಬದಲಿಸಿದಳು. ಹೊಸ ಹೆಸರಿನದೂ ಇಲ್ಲ. ಓದುವ ಅನುಮತಿ ಇಲ್ಲವೇನೋ ಎಂದು ಎಲ್ಲರಿಗೂ ಅನುಮತಿ ಕೊಟ್ಟಳು. ಇಲ್ಲ. ಯಂತ್ರವನ್ನು ಆರಿಸಿ ಹಚ್ಚಿದಳು. ಇದರಿಂದ ಏನೂ ಆಗದೆಂದು ಗೊತ್ತಿದ್ದೇ ಮಾಡಿದಳು. ಏನೂ ಆಗಲಿಲ್ಲ.

ಮನೆಯಲ್ಲಿ ಶಿವಶರಣಪ್ಪ ರೊಟ್ಟಿ ಮುರಿಯುತ್ತ, "ಆ ಹುಡುಗಿಗೆ ಒಂದ್ ಫೋನ್ ಹಚ್ಚಿ ಕೇಳಬಾರದೇನು?" ಎಂದ.

"ವರ್ಷಾ ಹಡದು ಇಪ್ಪತ್ತ್ ದಿನ ಆಗೈತಿ. ಬಾಣಂತಿಗೆ ಫೋನ್ ಹಚ್ಚಿ, ಏಳವ್ವಾ, ಪರದೆ ನೋಡು ಅನ್ನಲೇನು? ಕಣ್ಣ ಸುಡ್ತಾವ."

"ಫೋನಿನ್ಯಾಗ ಮಾತಾಡೋದಕ್ಕ ಕಣ್ಣ್ ಯಾಕ ಬೇಕು?"

"ನಿಮಗ ಗೊತ್ತಾಗಂಗಿಲ್ಲ, ಉಣ್ರಿ."

ಶಿವಶರಣಪ್ಪ ಉಂಡ.

ಗಿಟ್‌ಗೆ ಸೇರಿಸುವ ಯೋಚನೆ ಆಕೆಗೆ ಬರಲಿಲ್ಲವೇ? ಬಂದಿತ್ತು, ಬುಧವಾರವೇ ಬಂದಿತ್ತು. ಆದರೆ ಪರೀಕ್ಷೆಯಲ್ಲಿ ಪಾಸಾಗದ ನಕ್ಷೆ ದಾಖಲೆಗೆ ಹೋಗಕೂಡದು. ಮೂವತ್ತೊಂದು ವರ್ಷದಲ್ಲಿ ಗುರುಬಾಯಿ ಒಂದೇ ಒಂದು ಅರೆಬೆಂದ ನಕ್ಷೆಯನ್ನು ಮಂಜೂರಿ ರಿಜಿಸ್ಟರಿಗೆ ಬಿಟ್ಟವಳಲ್ಲ. ದೊಡ್ಡ ಅಧಿಕಾರಿಗಳು ಬಂದು, "ಮೇಡಂ, ಸುಮ್ಮನೆ ನಂಬರ್ ಕೊಟ್ಟುಬಿಡಿ" ಎಂದಾಗಲೂ ಬಿಟ್ಟಿರಲಿಲ್ಲ. ಕಡತ ಕೆಲಸ ಮಾಡಲಿ, ಆಮೇಲೆ ಸೇರಿಸೋಣ. ಇದು ಆಕೆಯ ನಿಲುವು. ಯಂತ್ರಕ್ಕೂ ಒಂದು ನಿಲುವಿತ್ತು. ಎರಡೂ ಕಡೆಯವರು ಮೂರು ದಿನ ಕದಲಲಿಲ್ಲ.

ಶುಕ್ರವಾರ ಪಿಂಕಿ ಬಂದಳು. ಮೆಟ್ರೊ ಇಳಿದು ಆಟೊದಲ್ಲಿ ಬಂದ ಧೂಳು ಮುಖದ ಮೇಲಿತ್ತು.

"ಆಂಟಿ, ಆತೇನ್ರಿ? ಪರೀಕ್ಷಾಕ ಹದಿನೆಂಟ ದಿನ ಉಳದಾವ. ನನಗ ಯಾರ ಮಶೀನಾದ್ರೂ ಆಗ್ತೈತ್ರಿ, ನಿಮ್ದು, ಉಪ್ಪಲ್‌ದಾಂವಂದು. ಕೀಲಿಮಣಿ ಕೊಡ್ರಿ, ಬಸ್."

"ಇಲ್ಲಿ ನೋಡು. ಈ ಕಡತ ನಿನಗ ಕಾಣಸ್ತೈತೋ ಇಲ್ಲೋ?"

"ಕಾಣಸ್ತೈತಿ."

"ಇದಕ್ಕ ಕಾಣಸವಲ್ದು."

ಪಿಂಕಿ ನಕ್ಕಳು. "ನಮ್ಮ ದುಕಾನ್ ಹಂಗ ಐತಿ ಬಿಡ್ರಿ. ಪಾರ್ಸಲ್ ಬಂದು ಬಾಗಲ್ದಾಗ ಬಿದ್ದಿರ್ತೈತಿ. ಗಿರಾಕಿ ಅದರ ಮ್ಯಾಲ ಕೂತು, ಡಬ್ಬಿ ಐತೇನ್ರೀ ಅಂತಾನ. ಪಪ್ಪಾ, ಖತಂ ಆಗೈತಿ ಅಂತಾರ. ಚೀಟಿ ಬರದು ಒಳಗ ತೊಗೊಳ್ಳೋತನ ಆ ಮಾಲು ಇಲ್ಲ ಅಂತನ ಲೆಕ್ಕ."

"ನಿಮ್ಮ ಅಪ್ಪಂದು ಹಟ."

"ಹಟ ಯಾರ್ದು ಅಂತ ಎಲ್ಲಾರಿಗೂ ಗೊತ್ತೈತ್ರಿ," ಎಂದು ಪಿಂಕಿ ಗೋಡೆಯ ಕ್ಯಾಲೆಂಡರಿನಲ್ಲಿ ರವಿವಾರವನ್ನು ನೋಡಿ ಹೋದಳು.

ಶನಿವಾರ ಬೆಳಿಗ್ಗೆ ಗುರುಬಾಯಿ ಯಂತ್ರದ ದೂರನ್ನು ಇನ್ನೊಮ್ಮೆ ಓದಿದಳು. ಮೂರು ದಿನ ಆಕೆ ಓದಿದ್ದು ಅದರ ಕೊನೆಯನ್ನು ಮಾತ್ರ: ಇಲ್ಲ ಎಂಬುದನ್ನು. ಈಗ ಮೊದಲಿನಿಂದ ಓದಿದಳು. ಎಲ್ಲಿ ಇಲ್ಲ? ಯಂತ್ರ ಹೇಳುತ್ತಿದ್ದುದು ಆಕೆ ಬರೆದಿಟ್ಟ ಜಾಗದ ವಿಳಾಸವಲ್ಲ. ಉದ್ದನೆಯ ಅಂಕಿ-ಅಕ್ಷರಗಳ ಇನ್ನೊಂದು ವಿಳಾಸ. ಆಕೆ ಅಲ್ಲಿಗೆ ಹೋಗಿ ನೋಡಿದಳು. ಅಲ್ಲಿ ಆಕೆಯ ಎಲ್ಲ ಕಡತಗಳ ನಕಲು ಇತ್ತು. ಬುಧವಾರ ಹಳೆಯ ಕಡತಕ್ಕೆ ಸೇರಿಸಿದ ಆ ಒಂದು ಸಾಲು ಕೂಡ ಇತ್ತು. ಹೊಸ ಕಡತ ಮಾತ್ರ ಇರಲಿಲ್ಲ.

ಹಾಗಾದರೆ ಯಂತ್ರ ಸುಳ್ಳು ಹೇಳಿರಲಿಲ್ಲ. ಆಕೆಯ ಮೇಜನ್ನು ಅದು ನೋಡುತ್ತಲೇ ಇರಲಿಲ್ಲ. ಎಲ್ಲವನ್ನೂ ತನ್ನ ಕೋಣೆಗೆ ನಕಲು ಮಾಡಿಕೊಂಡು ಅಲ್ಲಿ ನೋಡುತ್ತಿತ್ತು. ಹಳೆಯ ಕಡತಗಳನ್ನು ಒಳಗೆ ಬಿಟ್ಟವರು ಹೊಸದನ್ನು ಬಾಗಿಲಲ್ಲಿ ತಡೆದಿದ್ದರು. ಹಳೆಯವುಗಳಲ್ಲಿ ಇದ್ದು ಇದರಲ್ಲಿ ಇಲ್ಲದ್ದು ಏನು?

ಗುರುಬಾಯಿ ಕನ್ನಡಕ ತೆಗೆದು ಒರೆಸಿದಳು.

ನಕ್ಷೆ ವಿಭಾಗದಲ್ಲಿ ರಿಜಿಸ್ಟರುಗಳು ಎರಡಿದ್ದವು. ಮಂಜೂರಿ ರಿಜಿಸ್ಟರ್ ಒಳಗಿನ ಬೀರುವಿನಲ್ಲಿ. ಬಾಗಿಲ ಪಕ್ಕದ ಮೇಜಿನ ಮೇಲೆ ಆವಕ. ಬಾಗಿಲು ದಾಟಿ ಬಂದ ಪ್ರತಿ ಹಾಳೆಗೂ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಆವಕದಲ್ಲಿ ಒಂದು ನಂಬರು. ಅದು ಮೆಚ್ಚುಗೆಯಲ್ಲ. ಬಂದಿದೆ ಎಂಬುದಕ್ಕೆ ಗುರುತು, ಅಷ್ಟೆ. ಆ ನಂಬರಿಲ್ಲದೆ ನಕ್ಷೆಯನ್ನು ಪರೀಕ್ಷೆಗೆ ಕೂಡ ಕಳಿಸುವ ಹಾಗಿರಲಿಲ್ಲ. ಒಮ್ಮೆ ಹೇಮಂತ ಎಂಬ ಹೊಸ ಎಂಜಿನಿಯರ್ ನಕ್ಷೆಯನ್ನು ಆಕೆಯ ಮೂಗಿನ ಮುಂದೆ ಹಿಡಿದು, "ಇದೇ ಇದೆಯಲ್ಲ ಮೇಡಂ, ಕಾಣುತ್ತಿಲ್ಲವೇ?" ಎಂದು ಕೂಗಿದ್ದ. ಆಕೆ ತಲೆ ಎತ್ತದೆ, "ಆವಕದಾಗ ಇಲ್ಲ ಅಂದ್ರ ಇಲ್ಲ" ಎಂದಿದ್ದಳು. ಆತ ಮೂರು ದಿನ ಓಡಾಡಿದ್ದ.

ಆ ಮೂರು ದಿನದ ಮಾತು ಈಗ ನೆನಪಾಗದೆ ಇದ್ದಿದ್ದರೆ ಆಕೆಗೆ ಬೇಸರವಾಗುತ್ತಿರಲಿಲ್ಲ.

ಆಡ್ ಎಂಬುದು ಆವಕ. ಕಮಿಟ್ ಎಂಬುದು ಮಂಜೂರಿ. ಒಂದೇ ಸಾಲಿನಲ್ಲಿದ್ದರೂ ಎರಡು ಬೇರೆ ಕೆಲಸ. ಇಷ್ಟು ವರ್ಷ ಆಕೆ ಮೊದಲೇ ಇದ್ದ ಕಡತಗಳನ್ನಷ್ಟೇ ತಿದ್ದಿದ್ದಳು. ಅವುಗಳ ಆವಕ ವರ್ಷಾಳ ಕಾಲದಲ್ಲೇ ಆಗಿತ್ತು. ಹೊಸದೊಂದು ಬಾಗಿಲಿಗೆ ಬಂದದ್ದು ಇದೇ ಮೊದಲು. ಗುರುಬಾಯಿ ಹೊಸ ಕಡತವನ್ನು ಆಡ್ ಮಾಡಿದಳು. ಕಮಿಟ್ ಮಾಡಲಿಲ್ಲ. ಕಟ್ಟು ಎಂದಳು.

ಯಂತ್ರ ಒಂಬತ್ತು ನಿಮಿಷ ಕಟ್ಟಿತು. ಆಮೇಲೆ ಆಕೆ ಒಂದು ಪುಟ ಟೈಪು ಮಾಡಿದಳು, ಒತ್ತಕ್ಷರ, ಅರ್ಕಾವೊತ್ತು ಎಲ್ಲ ಬರುತ್ತವೆಯೇ ಎಂದು ನೋಡಿದಳು. ಬರುತ್ತಿದ್ದವು. ಆಗ ಕಮಿಟ್ ಮಾಡಿದಳು. ಉಳಿದ ಮೂರು ಯಂತ್ರಗಳಿಗೆ ಅದೇ ಕಡತಗಳನ್ನು ಕಳಿಸಿ ಕಟ್ಟು ಎಂದು ಹೇಳಿ, ಮನೆಗೆ ಹೋಗಿ ಊಟ ಮಾಡಿ ಬಂದಳು. ನಕ್ಷೆ ಒಂದೇ ಆದರೆ ಸಾಮಾನು ನಾಲ್ಕಾದರೇನು, ನಲವತ್ತಾದರೇನು.

ರವಿವಾರ ಹತ್ತಕ್ಕೆ ಕಮಿಟಿಯ ಐದು ಜನ, ಪಿಂಕಿ, ಪೆನ್ ಡ್ರೈವ್ ಹಿಡಿದ ಉಪ್ಪಲ್‌ನ ಮನುಷ್ಯ ಎಲ್ಲರೂ ಬಂದರು. ಪಿಂಕಿ ಮೊದಲನೆಯ ಯಂತ್ರದ ಮುಂದೆ ಕೂತು ಸಂಘದ ಹಳೆಯ ವರದಿಯೊಂದನ್ನು ಹೊಡೆಯತೊಡಗಿದಳು. ಚಂದ್ರಕಾಂತ ಅರ್ಧ ಪುಟ ನೋಡಿ, "ಒಂದರಾಗ ಆದ್ರ ಆಗಂಗಿಲ್ರಿ ಅಕ್ಕಾರ, ನಾಲ್ಕರಾಗೂ ಅಂದಿದ್ದೆ" ಎಂದ. ಪಿಂಕಿ ಎದ್ದು ಎರಡನೆಯದಕ್ಕೆ ಹೋದಳು, ಮೂರನೆಯದಕ್ಕೆ ಹೋದಳು, ನಾಲ್ಕನೆಯದರಲ್ಲಿ ವರದಿಯ ಪುಟ ಮುಗಿಸಿದಳು. ಉಪ್ಪಲ್‌ನ ಮನುಷ್ಯ, ಒಂದು ಯಂತ್ರಕ್ಕೆ ತನಗೆ ಅರ್ಧ ದಿನ ಬೇಕಾಗುತ್ತಿತ್ತು ಎಂದು ತೆಲುಗಿನಲ್ಲಿ ಹೇಳಿದ. ಯಾರೂ ಆತನನ್ನು ಕೇಳಿರಲಿಲ್ಲ. ಚಹಾ ಕುಡಿದು ಪೆನ್ ಡ್ರೈವನ್ನು ಕಿಸೆಗೆ ಹಾಕಿಕೊಂಡು ಹೋದ.

"ಎಲ್ಲಿ ಸಿಕ್ಕೊಂಡಿತ್ರಿ?" ಎಂದು ಚಂದ್ರಕಾಂತ ಕೇಳಿದ.

"ನನ್ನ ಕಡೇನ."

ಆತ ಇಷ್ಟು ನೇರ ಉತ್ತರ ನಿರೀಕ್ಷಿಸಿರಲಿಲ್ಲ. ಹಾಗಾದರೆ ತನ್ನದೂ ಒಂದು ಕೆಲಸವಿದೆ, ಅಕ್ಷರ ದೊಡ್ಡದಾಗಬೇಕು, ಕಣ್ಣು ಮೊದಲಿನಂತಿಲ್ಲ ಎಂದ.

"ಬರದು ಕೊಡ್ರಿ, ಆವಕ ಮಾಡ್ಕೋತೀನಿ."

"ಅಂದ್ರ ಆದಂಗ ಅಲ್ಲೇನ್ರಿ?"

"ಅಲ್ರಿ. ಬಂದಂಗ."

ಎಲ್ಲರೂ ಹೋದ ಮೇಲೆ ಪಿಂಕಿ ಎರಡನೆಯ ಪುಟಕ್ಕೆ ಕೈ ಹಾಕಿದಳು. ಹದಿನಾರು ದಿನ ಉಳಿದಿದ್ದವು. ಗುರುಬಾಯಿ ವರ್ಷಾಳ ನೋಟುಬುಕ್ಕು ತೆಗೆದು, ಆಡ್ ಮತ್ತು ಕಮಿಟ್ ನಡುವೆ ಕೆಂಪು ಪೆನ್ಸಿಲಿನಿಂದ ಉದ್ದ ಗೆರೆ ಎಳೆದಳು. ಕೆಳಗೆ, ಕಾರ್ಖಾನೆಯಲ್ಲಿ ಇತರರ ಮೇಲೆ ಬರೆಯುತ್ತಿದ್ದ ಧಾಟಿಯಲ್ಲೇ ಬರೆದಳು: 'ಯಂತ್ರದಲ್ಲಿ ದೋಷವಿಲ್ಲ. ನಕ್ಷೆಯಲ್ಲಿ ದೋಷವಿಲ್ಲ. ದಾಖಲೆ ಇಡುವವರ ತಪ್ಪಿನಿಂದ ಮೂರು ದಿನ ವಿಳಂಬ.' ತಾರೀಖು ಹಾಕಿ ಸಹಿ ಮಾಡಿದಳು.