ಚುಕ್ಕಿಯಿಲ್ಲದ ವಾರ

ಬೆಳಿಗ್ಗೆ ಅಟ್ಟ ಹತ್ತಿ, ಕೊಬ್ಬರಿಯಾಗಲೆಂದು ಹಾಕಿಟ್ಟಿದ್ದ ತೆಂಗಿನಕಾಯಿಗಳಲ್ಲಿ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಗಡಗಡ ಎಂದಿತು. ಒಳಗೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟರೆ ಹಾಗೆ ಸದ್ದಾಗುತ್ತದೆ. ನಮ್ಮ ತುರುವೇಕೆರೆ ಸೀಮೆಯಲ್ಲಿ ಆ ಸದ್ದಿಗೆ ಹೆಚ್ಚುಕಮ್ಮಿ ಒಂದು ವರ್ಷ ಕಾಯಬೇಕು. ನನಗೋ ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲುವ ತಾಳ್ಮೆಯೂ ಇಲ್ಲ. ಸದ್ದು ಕೇಳಿದ್ದೇ ತಡ, ಹಳೆಯದೊಂದು ನೆನಪಾಗಿ ಕೂತಲ್ಲಿ ಕೂರಲಾಗಲಿಲ್ಲ.

ಹೈಸ್ಕೂಲಿನಲ್ಲಿ ಒಂದು ಪಾಠ ಓದಿ ತಲೆ ಕೆಡಿಸಿಕೊಂಡಿದ್ದೆ. ಗಾಳಿಪಟ ಹಾರಿಸಿ ಮಿಂಚಿನ ಗುಟ್ಟು ಹಿಡಿದ, ದೇಶ ಕಟ್ಟುವುದಕ್ಕೂ ಕೈಹಾಕಿದ, ಹಳೇ ಕಾಲದ ಅಮೆರಿಕದ ಒಬ್ಬ ಮುದ್ರಕನ ಪಾಠ. ತನ್ನನ್ನು ತಿದ್ದಿಕೊಳ್ಳಲು ಆತ ಹದಿಮೂರು ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದನ್ನು ಹಿಡಿದು, ತಪ್ಪಿದಾಗಲೆಲ್ಲ ಕಪ್ಪು ಚುಕ್ಕಿ ಇಡುತ್ತಿದ್ದನಂತೆ. ನಾನೂ ನೋಟ್‌ಬುಕ್ಕಿಗೆ ಗೆರೆ ಎಳೆದೆ. ಮೊದಲ ವಾರ ಮಿತಾಹಾರ. ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು, ಬರೀ ಚುಕ್ಕಿ. ಎರಡನೆಯದು ಮೌನ.

ಆ ವಾರ ಶುರುವಾಗುವ ಮುಂಚೆ, ಕೊಬ್ಬರಿ ಆಯಿತೋ ಇಲ್ಲವೋ ಎಂಬ ಚಡಪಡಿಕೆಗೆ ಅಟ್ಟದಲ್ಲಿ ಎಂಟು ಕಾಯಿ ಒಡೆದಿದ್ದೆ. ಎಲ್ಲವೂ ಹಸಿ. ಹೋಳುಗಳನ್ನು ಮೂಲೆಗೆ ತಳ್ಳಿ ಇಳಿದೆ. ನಾಲ್ಕೇ ದಿನಕ್ಕೆ ನಾತ ನಡುಮನೆಗೆ ಬಂತು. ಅಟ್ಟದ ಉಸ್ತುವಾರಿ ನನ್ನ ಅಕ್ಕ ಗೌರಿಯದು. ಅವಳು ಕಾಯಿ ಅಲ್ಲಾಡಿಸಿ ‘ಆಯ್ತು’ ಎಂದರೆ ಮಾತ್ರ ಅಪ್ಪ ಇಳಿಸುತ್ತಿದ್ದರು.

"ಎಂಟು ಕಾಯಿ ಹಾಳು ಮಾಡಿದ್ದೀಯಲ್ಲೇ," ಎಂದರು ಅಪ್ಪ, ಅಕ್ಕನಿಗೆ.

"ನಾನಲ್ಲ ಕಣಪ್ಪ."

"ನೀನು ಬುಟ್ರೆ ಇನ್ಯಾರು ಹತ್ತುತಾರೆ ಅಲ್ಲಿಗೆ? ಇನ್ಮೇಲೆ ಅಟ್ಟದ ತಂಟೆಗೆ ಬರಬ್ಯಾಡ."

ಅಕ್ಕ ನನ್ನ ಮುಖ ನೋಡಿದಳು. ನಾನು ತುಟಿ ಬಿಚ್ಚಲಿಲ್ಲ. ಅದು ಹೆದರಿಕೆ. ಮೌನದ ವ್ರತ ಎಂದುಕೊಂಡೆ, ನನ್ನ ಬುದ್ಧಿಗಿಷ್ಟು! ಆ ವಾರ ಒಂದು ಚುಕ್ಕಿಯೂ ಬೀಳಲಿಲ್ಲವೆಂದು ಬೀಗಿದ್ದೂ ಉಂಟು. ಅಪ್ಪ ಸಾಯುವವರೆಗೂ ‘ಕಾಯಿ ಆಯ್ತೇನೇ’ ಎಂದು ಅವಳನ್ನು ಮತ್ತೆ ಕೇಳಲಿಲ್ಲ.

ಇವತ್ತು ಅಟ್ಟದ ಮೇಲಿಂದಲೇ ಹುಳಿಯಾರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. "ಅವತ್ತು ಎಂಟು ಕಾಯಿ ಒಡೆದೋನು ನಾನೇ ಕಣಕ್ಕ."

"ನಂಗೆ ಅವತ್ತೇ ಗೊತ್ತಿತ್ತು ಕಣ್ಲಾ. ನೀನು ಹೇಳಬೇಕಾಗಿದ್ದು ಅಪ್ಪಂಗೆ."

ಕೈಯಲ್ಲಿದ್ದ ಕಾಯಿಯನ್ನು ಫೋನಿನ ಹತ್ತಿರ ಹಿಡಿದು ಅಲ್ಲಾಡಿಸಿದೆ.

"ಆಗೈತೇನಕ್ಕ?"

"ಇನ್ನೊಂದ್ಸಲ ಅಲ್ಲಾಡ್ಸು." ಅಲ್ಲಾಡಿಸಿದೆ. "ಇಲ್ಲ, ಒಂದು ಕಡೆ ಇನ್ನೂ ಚಿಪ್ಪಿಗೆ ಹಿಡ್ಕಂಡೈತೆ. ಹದಿನೈದು ದಿನ ಬುಡು."

ಕಾಯಿಯನ್ನು ಎತ್ತಿದ ಜಾಗದಲ್ಲೇ ಇಟ್ಟು ಕೆಳಗಿಳಿದೆ.